ಎರಡನೇ ಅಚ್ಚು

"ವೈರ್ ಕಿತ್ತಾಯ್ತಲ್ಲ ಮೇಡಂ, ಇನ್ನೇನು ಭಯ?"

ಭಾವ ಇಂಟರ್‌ನೆಟ್ಟಿನ ವೈರನ್ನು ಸತ್ತ ಹಾವಿನಂತೆ ಎತ್ತಿ ತೋರಿಸಿದರು. ಇನ್ನೊಂದು ಕೈ ಲ್ಯಾಬಿನ ಕಂಪ್ಯೂಟರಿನ ಗುಂಡಿಯ ಮೇಲಿತ್ತು.

"ಅದನ್ನ ಆನ್ ಮಾಡಿದ್ರೆ ನಾನು ಈಗಲೇ ಎದ್ದು ಹೋಗ್ತೀನಿ," ಎಂದೆ.

ಎದ್ದು ಹೋಗುವುದಕ್ಕೆ ನಾನು ಕೂತಿದ್ದರೆ ತಾನೆ? ಬಂದಾಗಿನಿಂದ ಆ ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆಯುತ್ತಿದ್ದೆ. ಪತ್ತೇದಾರಿಕೆಯ ಕಸುಬಿನಲ್ಲಿ ತಾಳ್ಮೆ ಬೇಕು ಅಂತಾರೆ. ನನಗೆ ಅದು ಯಾವತ್ತೂ ಇರಲಿಲ್ಲ. ಗೋಡೆಯ ಕಪಾಟಿನ ತುಂಬ ಸಾಲಾಗಿ ಇಟ್ಟಿದ್ದ ಪ್ಲಾಸ್ಟರಿನ ದವಡೆಗಳು ನನ್ನನ್ನೇ ನೋಡಿ ಹಲ್ಲು ಕಿರಿಯುತ್ತಿದ್ದವು.

ಅದು ಮನೆಯಲ್ಲೇ ನಡೆಸುವ, ಕಟ್ಟಿಸುವ ಹಲ್ಲು ತಯಾರಿಸುವ ಲ್ಯಾಬು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇಲ್ಲಿ ಹಲ್ಲು ತಯಾರಾಗಿ ಹೋಗುತ್ತದೆ. ಅಕ್ಕ ಅದರ ಯಜಮಾನಿ. ಅವಳ ಗಂಡ ಹಲ್ಲಿಗೆ ಬಣ್ಣ ಕೂಡಿಸುವವರು, ಅವಳ ತಮ್ಮ ಪ್ಲಾಸ್ಟರ್ ಸುರಿಯುವವನು. ತಮ್ಮ ಅವಳನ್ನು 'ಅಕ್ಕ', ಅವಳ ಗಂಡನನ್ನು 'ಭಾವ' ಎನ್ನುವುದು ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂದುಬಿಟ್ಟಿದೆ.

ಅಕ್ಕ ತಮ್ಮ ಇಬ್ಬರೂ ಅಪ್ಪನ ಅಂಗಡಿ ಮಾರಿ ಬಂದ ಹಣವನ್ನು ಕ್ರಿಪ್ಟೋ ನಾಣ್ಯಕ್ಕೆ ಹಾಕಿ, ಅದರ ಗುಟ್ಟಿನ ಸಂಖ್ಯೆಗಳನ್ನು ಐದು ಹಾಳೆಗಳ ಮೇಲೆ ಪ್ರಿಂಟ್ ಮಾಡಿ ಇಟ್ಟಿದ್ದರು. ಆ ಸಂಖ್ಯೆ ಕಂಡವನೇ ಹಣದ ಒಡೆಯ. ಗೋಳು ಹೇಳಿಕೊಳ್ಳಲು ಬ್ಯಾಂಕಿಲ್ಲ, ಕಾಲು ಹಿಡಿಯಲು ಮ್ಯಾನೇಜರಿಲ್ಲ. ಈಗ ಎರಡು ಹಾಳೆಗಳ ಹಣ ಮಾಯವಾಗಿತ್ತು, ಎರಡನೆಯದು ಇವತ್ತು ಮಧ್ಯಾಹ್ನವೇ. ಎರಡೂ ತಮ್ಮನ ಬೀರುವಿನಲ್ಲಿದ್ದ ಹಾಳೆಗಳು, ಉಳಿದ ಮೂರು ಅಕ್ಕನ ಹತ್ತಿರ ಇದ್ದವು. ಪ್ರಿಂಟ್ ಮಾಡಿದವನೂ ತಮ್ಮನೇ. ಇನ್ನೇನು ಬೇಕು? ಭಾವ ಪೊಲೀಸ್ ದೂರನ್ನು ಬರೆದು ಮೇಜಿನ ಮೇಲೆ ಇಟ್ಟಿದ್ದರು. ಯಾರ ಮೇಲೆ ಸಂಶಯ ಅನ್ನುವ ಜಾಗದಲ್ಲಿ ಹೆಸರು, ಕೆಳಗೆ ಅಕ್ಕನ ಸಹಿ, ಇಷ್ಟೇ ಬಾಕಿ.

ಅಕ್ಕ ನನ್ನನ್ನು ಕರೆಸಿದ್ದು ಹಣಕ್ಕಾಗಿ ಅಲ್ಲ. "ಹೋದದ್ದು ಹೋಗಲಿ ಮೇಡಂ. ನನ್ನ ತಮ್ಮ ಅಲ್ಲ ಅಂತ ಒಂದು ಮಾತು ಹೇಳಿ, ಸಾಕು," ಎಂದಿದ್ದಳು ಮೊದಲ ಭೇಟಿಯಲ್ಲೇ. ಅಮ್ಮ ತೀರಿಕೊಂಡಾಗ ಅವನಿಗೆ ಚಡ್ಡಿ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲವಂತೆ. ಎತ್ತಿ ಆಡಿಸಿದವಳು, ಬೈದವಳು, ಕಸುಬು ಕಲಿಸಿದವಳು ಎಲ್ಲ ಇವಳೇ. ಅವಳು ಕೇಳಿದ ಆ ಒಂದು ಮಾತನ್ನು ಹೇಳುವ ಧೈರ್ಯ ನನಗಿನ್ನೂ ಬಂದಿರಲಿಲ್ಲ.

"ಮೊದಲು ಉಳಿದ ಮೂರು ಹಾಳೆಯ ಹಣ ದಾಟಿಸೋಣ," ಎಂದೆ. "ಅದಕ್ಕೆ ಹೊಸ ಗುಟ್ಟಿನ ಸಂಖ್ಯೆ ಹುಟ್ಟಬೇಕು. ಅದು ಹುಟ್ಟೋದಕ್ಕೆ ನಂಬೋ ಅಂಥ ಕಂಪ್ಯೂಟರ್ ಬೇಕು. ಮೇಷ್ಟ್ರೇ, ಯಾವುದು ಹಾಕೋಣ?"

ಮೇಷ್ಟ್ರು ಕಂಪ್ಯೂಟರ್ ಕ್ಲಾಸ್ ನಡೆಸುವವರು. ತಮ್ಮ ಅವರ ಹಳೆಯ ಶಿಷ್ಯ. ಹಾಳೆ ಪ್ರಿಂಟ್ ಮಾಡುವ ಮುಂಚೆ ಸಲಹೆ ಕೊಟ್ಟವರು ಅವರೇ ಆದ್ದರಿಂದ ನನ್ನ ಸಂಶಯದ ಪಟ್ಟಿಯಲ್ಲಿ ಅವರೂ ಇದ್ದರು. ಅದು ಅವರಿಗೂ ಗೊತ್ತಿತ್ತು. ಮಾತಾಡುವ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಂಡರು.

"ದಿನಾ ಬಳಸೋ ಕಂಪ್ಯೂಟರ್ ಬೇಡವೇ ಬೇಡ. ವೈರ್ ಕಿತ್ತರೂ ಅದು ನೋಡಿದ್ದನ್ನ ಮರೆಯಲ್ಲ. ಒಳಗೆ ಕಳ್ಳ ಪ್ರೋಗ್ರಾಂ ಕೂತಿದ್ರೆ ಇವತ್ತು ಸುಮ್ಮನೆ ಬರ್ಕೊಳ್ಳುತ್ತೆ, ನಾಳೆ ನೀವು ವೈರ್ ಚುಚ್ಚಿದ ತಕ್ಷಣ ಕಳಿಸಿಬಿಡುತ್ತೆ."

"ಕೇಳಿದ್ರಾ?" ಎಂದೆ ಭಾವನಿಗೆ. ಅವರು ವೈರನ್ನು ಕೆಳಗೆ ಬಿಟ್ಟರು.

ಮೇಷ್ಟ್ರು ಚೀಲದಿಂದ ಒಂದು ಡಿಸ್ಕ್ ತೆಗೆದರು. "ಇದರಲ್ಲಿ ಇಡೀ ಆಪರೇಟಿಂಗ್ ಸಿಸ್ಟಮ್ ಇದೆ. ಹಾರ್ಡ್ ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟರೂ ಕಂಪ್ಯೂಟರ್ ಇದರಿಂದಲೇ ಏಳುತ್ತೆ. ನೆಟ್‌ವರ್ಕಿನ ಭಾಗವನ್ನೇ ಇದರಿಂದ ತೆಗೆದುಹಾಕಿದಾರೆ. ಒಂದು ಸಲ ಬರೆದ ಡಿಸ್ಕು, ಮತ್ತೆ ಯಾರೂ ಇದಕ್ಕೆ ಏನೂ ಸೇರಿಸೋಕಾಗಲ್ಲ. ಆಫ್ ಮಾಡಿದ್ರೆ ನಡೆದದ್ದೆಲ್ಲ ಮರೆತುಬಿಡುತ್ತೆ. ಕ್ಲಾಸಲ್ಲಿ ಮಕ್ಕಳು ಇದನ್ನ ಮರೆಗುಳಿ ಅಂತಾರೆ."

"ನೀವು ಡೌನ್‌ಲೋಡ್ ಮಾಡಿದ್ದು ಅಸಲಿನೇ ಅಂತ ಏನು ಗ್ಯಾರಂಟಿ? ದಾರೀಲಿ ಯಾರಾದ್ರೂ ಬದಲಾಯಿಸಿದ್ರೆ?"

"ಮಾಡಿದವರು ಒಂದು ಉದ್ದನೆಯ ತಾಳೆ ಸಂಖ್ಯೆ ಕೊಟ್ಟಿರ್ತಾರೆ. ನಾವು ಇಳಿಸಿಕೊಂಡ ಫೈಲಿಂದಲೂ ಸಂಖ್ಯೆ ತೆಗೆದು ತಾಳೆ ನೋಡಬೇಕು. ಒಂದೇ ಒಂದು ಅಂಕಿ ಬೇರೆ ಬಂದ್ರೂ ಕಸದ ಬುಟ್ಟಿಗೆ. ಈ ನನ್ನ ಶಿಷ್ಯ ಓದಿದ, ನಾನು ಟಿಕ್ ಹಾಕಿದೆ."

"ಆ ತಾಳೆ ಸಂಖ್ಯೆನೂ ಅದೇ ಸೈಟಲ್ಲಿ ನೋಡಿದ್ದಾ? ಫೈಲ್ ಬದಲಾಯಿಸಿದವನು ಸಂಖ್ಯೆ ಬದಲಾಯಿಸಲ್ವಾ?"

ಮೇಷ್ಟ್ರ ಮುಖದಲ್ಲಿ ಮೊದಲ ಸಲ ನಗು ಕಂಡಿತು. "ಅದಕ್ಕೇ ಪರ ಊರಿನ ಗೆಳೆಯನಿಗೆ ಫೋನ್ ಮಾಡಿ, ಅವನ ಹತ್ತಿರ ಇದ್ದದ್ದನ್ನ ಓದಿಸಿಕೊಂಡೆ ಮೇಡಂ. ಓದಿ ಓದಿ ಅವನಿಗೆ ಬಾಯಿ ನೋವು ಬಂತು."

ಕೊಂಕು ಹುಡುಕಲು ನಾನು ಪಟ್ಟ ಪಾಡೆಲ್ಲ ವ್ಯರ್ಥವಾಯಿತು. ಮರೆಗುಳಿಯೇ ಆಗಲಿ ಎಂದೆ. ಮೇಷ್ಟ್ರು ತಾವೇ ತಂದಿದ್ದ ಹಳೆಯ ಲ್ಯಾಪ್‌ಟಾಪಿನ ತಳ ಬಿಚ್ಚಿ ಹಾರ್ಡ್ ಡಿಸ್ಕನ್ನೂ ವೈ-ಫೈ ಕಾರ್ಡನ್ನೂ ತೆಗೆದು ನನ್ನ ಕೈಗೇ ಕೊಟ್ಟರು. ಡಿಸ್ಕ್ ಹಾಕಿದೊಡನೆ ಪರದೆ ಬೆಳಗಿತು. ಮೂಲೆಯಲ್ಲಿದ್ದ ದೊಡ್ಡ ಪ್ರಿಂಟರಿನ ವೈರನ್ನು ತಂದು ಚುಚ್ಚಿ, ಪರೀಕ್ಷೆಗೆ ಒಂದು ಖಾಲಿ ಹಾಳೆ ಬಿಡಿ ಎಂದೆ.

ಪ್ರಿಂಟರ್ ಗಪ್ಪನೆ ಕೂತಿತ್ತು. ಮೇಷ್ಟ್ರು ಮತ್ತೆ ಒತ್ತಿದರು. ವೈರ್ ತೆಗೆದು ಹಾಕಿದರು. ಪರದೆಯ ಮೇಲೆ ಪ್ರಿಂಟರೇ ಇಲ್ಲ ಎಂದು ಬಂತು.

"ಇದಕ್ಕೆ ಈ ಪ್ರಿಂಟರ್ ಪರಿಚಯ ಇಲ್ಲ ಅನ್ಸುತ್ತೆ," ಎಂದರು. ಹೇಳಿದ ಮೇಲೆ ಅವರಿಗೇ ಅದರ ಅರ್ಥ ಹೊಳೆದಂತಿತ್ತು. ನನ್ನ ಮುಖ ನೋಡಿದರು.

ಈ ಡಿಸ್ಕಿಗೆ ಪ್ರಿಂಟರ್ ಗೊತ್ತಿಲ್ಲ ಎಂದರೆ, ಇದೇ ಡಿಸ್ಕು ಇದೇ ಪ್ರಿಂಟರಿನಿಂದ ತೆಗೆದೆ ಎಂದು ತಮ್ಮ ಹೇಳಿದ್ದ ಆ ಐದು ಹಾಳೆಗಳನ್ನು ಪ್ರಿಂಟ್ ಮಾಡಿದ್ದು ಯಾವುದರಿಂದ?

ಕಿಟಕಿ ಪಕ್ಕದ ಮೇಜಿನ ಹತ್ತಿರ ತಮ್ಮ ರಬ್ಬರ್ ಬಟ್ಟಲನ್ನು ಕೆರೆಯುತ್ತಿದ್ದ. ಅದರಲ್ಲಿ ಕೆರೆಯುವಂಥದ್ದು ಏನೂ ಉಳಿದಿರಲಿಲ್ಲ.

ಕೇಳುವ ಆತುರವನ್ನು ನುಂಗಿಕೊಂಡೆ. "ಪ್ರಿಂಟರೇ ಬೇಡ. ಪೆನ್ಸಿಲ್ ಸಾಕು. ಅಕ್ಕಾ, ಲ್ಯಾಪ್‌ಟಾಪ್ ತಗೊಂಡು ಆ ಪ್ಲಾಸ್ಟಿಕ್ ಪರದೆ ಹಿಂದೆ ಹೋಗಿ. ಈ ಸಲ ಗುಟ್ಟು ಸಂಖ್ಯೆ ಬದಲು ಪದಗಳಾಗಿ ಬರುತ್ತೆ, ಅದನ್ನ ಕೈಯಲ್ಲೇ ಬರ್ಕೊಳ್ಳಿ. ಯಾರಿಗೂ ತೋರಿಸಬೇಡಿ, ನನಗೂ ಸಹ."

ಅಕ್ಕ, ಭಾವ ಬಣ್ಣ ಕೂಡಿಸುವ ಮೇಜಿನ ಸುತ್ತಲಿದ್ದ ಪ್ಲಾಸ್ಟಿಕ್ ಪರದೆಯ ಹಿಂದೆ ಹೋದಳು. ಒಳಗೆ ಪೆನ್ಸಿಲ್ ಓಡುವ ಸದ್ದು. ನಾವು ನಾಲ್ವರೂ ಆಸ್ಪತ್ರೆಯ ಹೊರಗೆ ಕಾಯುವವರ ಹಾಗೆ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು. ಬರೆದು ಮುಗಿಸಿ ಅವಳು ಹಳೆಯ ಮೂರು ಹಾಳೆಗಳನ್ನು ಫೋನಿಗೆ ತೋರಿಸಿ, ಅದರಲ್ಲಿದ್ದುದನ್ನೆಲ್ಲ ಲ್ಯಾಪ್‌ಟಾಪ್ ತೋರಿಸಿದ ಹೊಸ ವಿಳಾಸಕ್ಕೆ ದಾಟಿಸಿದಳು. "ಮೂರೂ ದಾಟಿದ್ವು ಮೇಡಂ," ಎಂದು ಒಳಗಿನಿಂದಲೇ ಕೂಗಿದಳು.

ಹಣ ಉಳಿಯಿತು. ಇನ್ನು ಉಳಿಯಬೇಕಾದವನು ತಮ್ಮ. ನಾನು ಅವನ ಎದುರಿಗೆ ಹೋಗಿ ನಿಂತೆ.

"ಹೇಳಪ್ಪ. ಆ ಐದು ಹಾಳೆ ಆಕಾಶದಿಂದ ಉದುರಿದ್ವಾ?"

ಅವನು ಬಟ್ಟಲು ಕೆಳಗಿಟ್ಟ. "ಮರೆಗುಳಿಯಿಂದಲೇ ಮಾಡೋಕೆ ಹೊರಟೆ ಮೇಡಂ. ಪ್ರಿಂಟರ್ ಸಿಗಲಿಲ್ಲ. ಪ್ರಿಂಟರ್ ಗುರುತಿಸೋ ಪ್ರೋಗ್ರಾಂ, ಡ್ರೈವರ್ ಅಂತಾರಲ್ಲ, ಹುಡುಕಿ ತಂದು ಹಾಕಿದೆ. ಕೆಲಸ ಮಾಡ್ತು. ಅಷ್ಟರಲ್ಲಿ ಕರೆಂಟ್ ಹೋಯ್ತು. ಮತ್ತೆ ಆನ್ ಮಾಡಿದ್ರೆ ಅದು ಪ್ರಿಂಟರನ್ನೇ ಮರೆತಿತ್ತು. ಮತ್ತೆ ಹಾಕಿದೆ, ಮತ್ತೆ ಮರೀತು. ನನಗೂ ರೇಗಿಹೋಯ್ತು."

"ಆಮೇಲೆ?"

"ಆಮೇಲೆ... ಅಸಲಿ ಮೇಲೆ ಯಾಕೆ ಕೆಲಸ ಮಾಡ್ಬೇಕು ಅಂತ ಎರಡನೇ ಅಚ್ಚು ತೆಗೆದೆ."

ನನಗೆ ಅರ್ಥವಾಗಲಿಲ್ಲ. ಪರದೆಯ ಹಿಂದಿನಿಂದ ಅಕ್ಕ "ಅಯ್ಯೋ" ಎಂದದ್ದು ಕೇಳಿಸಿತು. ಅವಳಿಗೆ ಅರ್ಥವಾಗಿತ್ತು.

ಇವರ ಕಸುಬಿನ ಮೊದಲ ಪಾಠವೇ ಅದಂತೆ. ಡಾಕ್ಟರ ಅಚ್ಚಿನಿಂದ ಬಂದ ಮೊದಲ ದವಡೆ ಅಸಲಿ. ಅದಕ್ಕೆ ಚಾಕು ತಾಗಿಸುವ ಹಾಗಿಲ್ಲ. ಅದರಿಂದ ಇನ್ನೊಂದು ದವಡೆ ತೆಗೆದು, ಕೊರೆಯುವುದು ಉಜ್ಜುವುದು ಎಲ್ಲ ಅದರ ಮೇಲೆ. ಅಸಲಿಯ ಮೇಲೆ ಕೈಯಿಟ್ಟರೆ ಅಕ್ಕ ಗೆಣ್ಣಿಗೆ ಹೊಡೆಯುತ್ತಿದ್ದಳು. ಆ ಏಟು ತಿಂದು ಬೆಳೆದವನು ಮೇಷ್ಟ್ರ ಡಿಸ್ಕಿಗೂ ಅದೇ ಮರ್ಯಾದೆ ಕೊಟ್ಟಿದ್ದ. ಅದನ್ನು ಪೆನ್ ಡ್ರೈವಿಗೆ ನಕಲು ಮಾಡಿ, ಪ್ರಿಂಟರ್ ನೆನಪಿರಲಿ ಎಂದು ಅದರಲ್ಲಿ ಒಂದಿಷ್ಟು ಜಾಗವನ್ನು ನೆನಪಿಗೆ ಬಿಟ್ಟಿದ್ದ.

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಮರೆಯೋದೇ ಅದರ ಗುಣ ಕಣೋ! ನೆನಪಿಟ್ಟುಕೊಳ್ಳೋ ಹಾಗೆ ಮಾಡಿ ಅದರ ಜೀವಾನೇ ತೆಗೆದೆಯಲ್ಲೋ! ಪ್ರಿಂಟಿಗೆ ಹೋದ ಹಾಳೆಗಳೆಲ್ಲ ಅದರಲ್ಲಿ ಹಾಗೇ ಕೂತಿರುತ್ತೆ!"

"ಪಾಸ್‌ವರ್ಡ್ ಹಾಕಿದ್ದೆ ಸರ್," ಎಂದ ತಮ್ಮ ಸಣ್ಣ ದನಿಯಲ್ಲಿ.

"ಯಾರಿಗೆ ಗೊತ್ತು ಅದು?" ಎಂದೆ.

"ನನಗೆ. ಅಕ್ಕನಿಗೆ."

ಭಾವ ದೂರಿನ ಹಾಳೆಯನ್ನು ಎತ್ತಿಕೊಂಡು ಬಂದರು. "ಬಾಯಿಬಿಟ್ಟನಲ್ಲ? ನಾನು ಇಷ್ಟು ದಿನ ಹೇಳಿದ್ದು ಇದನ್ನೇ. ಗುಟ್ಟು ಅವನ ಹತ್ತಿರ, ಬೀಗ ಅವನ ಹತ್ತಿರ, ಹೋದ ಹಾಳೆನೂ ಅವನದ್ದೇ. ಇವಳಿಗೆ ತಮ್ಮ ಅಂದ್ರೆ ಕಣ್ಣು ಕಾಣಿಸಲ್ಲ. ಹೊರಗೆ ಬಾ, ಸಹಿ ಹಾಕು."

"ಇರಿ," ಎಂದೆ. "ಪೆನ್ ಡ್ರೈವ್ ಎಲ್ಲಿ?"

ತಮ್ಮ ಕಪಾಟಿನಿಂದ ಒಂದು ಪುಟ್ಟ ಡಬ್ಬಿ ತೆಗೆದುಕೊಟ್ಟ. ಯಾವುದೋ ಮುದುಕರ ಕೆಳದವಡೆಯ ಪಕ್ಕದಲ್ಲಿ ಅದೂ ಒಂದು ಕೇಸಿನ ಹಾಗೆ ಚೀಟಿ ಅಂಟಿಸಿಕೊಂಡು ಕೂತಿತ್ತು. ಅಕ್ಕ ಲ್ಯಾಪ್‌ಟಾಪನ್ನು ಹೊರಗೆ ತಂದಿಟ್ಟಳು. ಮೇಷ್ಟ್ರು ಮರೆಗುಳಿಯನ್ನು ತೆಗೆದು ಪೆನ್ ಡ್ರೈವ್ ಚುಚ್ಚಿದರು. ತಮ್ಮ ಪಾಸ್‌ವರ್ಡ್ ಒತ್ತಿದ.

ಪ್ರಿಂಟರಿಗೆ ಏನೇನು ಹೋಯಿತು ಅನ್ನುವುದನ್ನು ಅದು ಒಂದೂ ಬಿಡದೆ ನೆನಪಿಟ್ಟುಕೊಂಡಿತ್ತು. ಐದು ಹಾಳೆಗಳು ಒಂದೇ ದಿನ. ಅದರ ಕೆಳಗೆ, ಬಹಳ ದಿನ ಬಿಟ್ಟು, ಮತ್ತೆ ಅದೇ ಐದು ಹಾಳೆಗಳು.

"ಎರಡು ಸಲ ಪ್ರಿಂಟ್ ಮಾಡಿದ್ದೀಯಾ?" ಎಂದೆ.

ತಮ್ಮ ಪರದೆಯ ಹತ್ತಿರ ಬಗ್ಗಿದ. ಅವನ ಬಾಯಿ ತೆರೆದೇ ಇತ್ತು. "ಇಲ್ಲ ಮೇಡಂ. ಒಂದೇ ಸಲ. ಆಮೇಲೆ ಈ ಡಬ್ಬಿ ತೆರೆದೇ ಇಲ್ಲ."

"ಮತ್ತೆ ಪಾಸ್‌ವರ್ಡ್ ಹಾಕಿದ್ದು ಯಾರು?"

"ನಾನು."

ಹೇಳಿದವಳು ಅಕ್ಕ. ಎಪ್ರನ್ನಿನ ತುದಿಯನ್ನು ಎರಡು ಕೈಯಲ್ಲೂ ಹಿಂಡುತ್ತಿದ್ದಳು.

"ನಾನೇ ತೆಗೆದೆ. ಇನ್ನೊಂದು ಸೆಟ್ ಇರಲಿ ಅಂತ. ಒಂದು ಕವರಿಗೆ ಹಾಕಿ ನನ್ನ ಬೀರುವಿನಲ್ಲಿ ಇಟ್ಟಿದ್ದೀನಿ. ಯಾರೂ ಮುಟ್ಟಿಲ್ಲ ಮೇಡಂ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಲಿಲ್ಲ."

ನನಗೆ ಕೋಪ ನೆತ್ತಿಗೇರಿತು. ವಾರಗಟ್ಟಲೆ ಈ ಮನೆಯ ಮೆಟ್ಟಿಲು ಸವೆಸಿದ್ದೇನೆ, ಇಂಥ ಮಾತನ್ನು ಈಗ ಹೇಳುವುದೇ? "ತಮ್ಮನಿಗೆ ಹೇಳಿದ್ರಾ?"

"ಇಲ್ಲ."

"ಯಾಕೆ?"

ಅವಳು ತಮ್ಮನ ಕಡೆ ತಿರುಗಿದಳು. ನಾನು ಇನ್ನೊಮ್ಮೆ ಕೇಳಲಿಲ್ಲ. ಕೇಳಿದವನು ತಮ್ಮ.

"ಯಾಕಕ್ಕ?"

"ಇವರು ದಿನಾ ಹೇಳ್ತಿದ್ರು ಕಣೋ. ಪ್ರಿಂಟ್ ಮಾಡಿದವನು ಅವನು, ಒಂದಿನ ಎಲ್ಲಾ ಎತ್ತಿಕೊಂಡು ಹೋಗ್ತಾನೆ ನೋಡು ಅಂತ. ನಾನು ಕಿವಿಗೆ ಹಾಕ್ಕೊಳ್ತಿರಲಿಲ್ಲ. ಒಂದಿನ ಮಾತ್ರ... ಹೋಗಿಬಿಟ್ರೆ ಅಂತ ಅನ್ನಿಸಿಬಿಡ್ತು."

"ನಾನು ಎಲ್ಲಿಗೆ ಹೋಗ್ತಿದ್ದೆ ಅಕ್ಕ?"

ಅವನ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿ ಉತ್ತರ ಬೇಕಿತ್ತು ಅವನಿಗೆ. ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಅಲ್ಲಿ ನಿಲ್ಲಲಾರದೆ, "ಕವರ್ ತನ್ನಿ," ಎಂದು ಗದರಿದೆ.

ಕಂದು ಬಣ್ಣದ ದಪ್ಪ ಕವರು. ಕವರಿನ ಬಾಯಿಗೆ, ಹಲ್ಲಿನ ಸೆಟ್ಟಿಗೆ ಬಳಸುವ ಗುಲಾಬಿ ಮೇಣ ಕರಗಿಸಿ ಸುರಿದು, ಅದರ ಮೇಲೆ ಅಕ್ಕ ಹೆಬ್ಬೆರಳು ಒತ್ತಿದ್ದಳು. ಬೆರಳಿನ ಗೆರೆಗಳು ಒಂದೊಂದೂ ಸ್ಪಷ್ಟವಾಗಿದ್ದವು. ಒತ್ತಿದ ಬೆರಳೇ ಸಾಕ್ಷಿ, ಇದನ್ನು ಯಾರು ತೆರೆಯಲು ಸಾಧ್ಯ ಎಂದಳು. ನಾನು ಮೇಣಕ್ಕೆ ಏಟಾಗದ ಹಾಗೆ ಕವರಿನ ಕೆಳಗಡೆ ಬ್ಲೇಡ್ ಎಳೆದೆ.

ಒಳಗೆ ಐದು ಹಾಳೆಗಳಿದ್ದವು. ಐದೂ ಬಿಳಿ. ಒಂದು ಚುಕ್ಕೆಯೂ ಇಲ್ಲ.

ಅಕ್ಕ ಅದನ್ನು ಕಸಿದುಕೊಂಡು ತಿರುವಿಮುರುವಿ ನೋಡಿದಳು. "ನಾನೇ ಹಾಕಿದ್ದು. ನಾನೇ ಮೇಣ ಒತ್ತಿದ್ದು. ಇದು ನನ್ನ ಬೆರಳೇ ಮೇಡಂ!"

ಹಲ್ಲಿನ ಅಂಚು ನೋಡುವ ಭೂತಗನ್ನಡಿ ಮೇಜಿನ ಮೇಲಿತ್ತು. ಅದನ್ನು ಮೇಣದ ಮೇಲೆ ಹಿಡಿದೆ. ಗೆರೆಗಳ ನಡುವೆ ಸಾಸಿವೆಗಿಂತ ಸಣ್ಣದಾದ ಒಂದು ಗುಂಡು ಮೇಲಕ್ಕೆ ಎದ್ದು ನಿಂತಿತ್ತು. ಏನೆಂದು ತಿಳಿಯದೆ ಅಕ್ಕನ ಕೈಗೆ ಕೊಟ್ಟೆ.

ಅವಳು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ತನ್ನ ಹೆಬ್ಬೆರಳನ್ನು ಕನ್ನಡಿಯ ಕೆಳಗೆ ಹಿಡಿದಳು.

"ನನ್ನ ಬೆರಳಲ್ಲಿ ತೂತಿಲ್ಲ," ಎಂದಳು ನಿಧಾನಕ್ಕೆ. "ಬೆರಳಲ್ಲಿ ತೂತಿದ್ರೆ ಮಾತ್ರ ಮೇಣದಲ್ಲಿ ಹೀಗೆ ಗುಂಡು ಏಳುತ್ತೆ. ಇದನ್ನ ಒತ್ತಿದ್ದು ಪ್ಲಾಸ್ಟರಿನ ಬೆರಳು ಮೇಡಂ. ನನ್ನ ಮೇಣವನ್ನ ಬಿಸಿ ಬ್ಲೇಡಲ್ಲಿ ಎತ್ತಿ, ಅದರೊಳಗೆ ಪ್ಲಾಸ್ಟರ್ ಸುರಿದು ಬೆರಳು ಮಾಡಿಕೊಂಡಿದಾರೆ. ಹೊಸ ಮೇಣ ಹಾಕಿ ಒತ್ತಿದಾರೆ. ಪ್ಲಾಸ್ಟರಲ್ಲಿ ಒಂದು ಗಾಳಿಗುಳ್ಳೆ ಉಳಿದುಬಿಟ್ಟಿದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದಿನಬೆಳಗಾದರೆ ಅಚ್ಚು ತೆಗೆಯುವುದೇ ಕಸುಬಾದ ಮನೆಯಲ್ಲಿ ಬೆರಳಿನ ಅಚ್ಚನ್ನು ಬೀಗವೆಂದು ನಂಬಿದ್ದಳಲ್ಲ ಈ ಹೆಂಗಸು!

ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು, "ನನಗೆ ಪ್ಲಾಸ್ಟರ್ ಕಲಸೋಕೂ ಬರಲ್ಲ," ಎಂದರು. ಅವರನ್ನು ಯಾರೂ ಕೇಳಿರಲಿಲ್ಲ.

ತಮ್ಮ ಬಂದು ಅಕ್ಕನ ಕೈಯಿಂದ ಕನ್ನಡಿ ತೆಗೆದುಕೊಂಡ. ಮೇಣವನ್ನು ಬೆಳಕಿಗೆ ಓರೆಯಾಗಿ ಹಿಡಿದ.

"ಇದು ನಾನು ಸುರಿದದ್ದು," ಎಂದ.

ಭಾವ ದೂರಿನ ಹಾಳೆಯನ್ನು ಎದೆಗೆ ಒತ್ತಿಕೊಂಡರು.

"ನಾನೇ ಸುರಿದೆ ಅಕ್ಕ. ಅವಸರದಲ್ಲಿ ಅಲುಗಾಡಿಸೋ ಯಂತ್ರಕ್ಕೆ ಹಿಡೀಲಿಲ್ಲ, ಅದಕ್ಕೇ ಗುಳ್ಳೆ ಬಂತು. ಒಂದು ಮೇಣದ ತುಂಡು ಕೊಟ್ರು. ಇದಕ್ಕೂ ಸ್ವಲ್ಪ ಸುರಿದುಕೊಡು ಅಂದ್ರು. ಏನು ಎತ್ತ ಅಂತ ಕೇಳಲಿಲ್ಲ, ಸುರಿದುಕೊಟ್ಟೆ."

"ಯಾರು?" ಎಂದಳು ಅಕ್ಕ.

ಅವನು ಅವಳ ಮುಖ ನೋಡಿದ. ಕೊರಳಿನ ತಾಳಿಯಿಂದ ಕಾಲುಂಗುರದವರೆಗೆ ಒಮ್ಮೆ ನೋಡಿದ, ಎಲ್ಲೋ ದೂರ ಹೊರಟವನು ನೋಡುವ ಹಾಗೆ.

"ಯಾರು ಕೊಟ್ಟಿದ್ದು ಅಂತ ಕೇಳ್ತಿದ್ದೀನಿ ಕಣೋ!"

"ಸಹಿ ಹಾಕಕ್ಕ," ಎಂದ ತಮ್ಮ. "ಹೆಸರಿನ ಜಾಗದಲ್ಲಿ ನನ್ನ ಹೆಸರೇ ಬರಿ."

ಆ ಕೋಣೆಯಲ್ಲಿ ನಾನು ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತೆ. ಕಳ್ಳನಾದವನು ಗುಳ್ಳೆಯನ್ನು ತನ್ನದೆಂದು ತಾನೇ ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡು, ಜೈಲಿಗೆ ಕಳಿಸು ಎಂದು ಅಂಗಲಾಚುವುದೂ ಇಲ್ಲ. ಕವರ್ ಕದ್ದವನ ಕೈಗೆ ಐದೂ ಸಂಖ್ಯೆ ಸಿಕ್ಕಿದ್ದವು, ಆದರೂ ಖಾಲಿಯಾದದ್ದು ತಮ್ಮನ ಬೀರುವಿನ ಎರಡು ಮಾತ್ರ. ಅವನಿಗೆ ಆ ಹೆಸರು ಗೊತ್ತಿತ್ತು. ಆ ಹೆಸರು ಅಕ್ಕನ ಕಿವಿಗೆ ಬೀಳುವುದಕ್ಕಿಂತ ತನ್ನ ಹೆಸರು ಪೊಲೀಸರ ಹಾಳೆಗೆ ಬೀಳುವುದೇ ಮೇಲು ಎಂದು ಅವನು ಆಗಲೇ ತೀರ್ಮಾನಿಸಿದ್ದ.

ಅಕ್ಕ ದೂರಿಗಾಗಿ ಕೈ ಚಾಚಿದಳು. ಭಾವ ಕೊಡಲಿಲ್ಲ. ಅದನ್ನು ನಾಲ್ಕು ಮಡಿಕೆ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಬಿಡು. ಪೊಲೀಸೆಲ್ಲ ಯಾಕೆ? ಮನೆ ಮರ್ಯಾದೆ ಪ್ರಶ್ನೆ. ಹುಡುಗ, ಏನೋ ತಪ್ಪಾಗಿದೆ. ನಾವು ನಾವೇ ಮಾತಾಡಿ ಮುಗಿಸೋಣ."

ಅಕ್ಕ 'ರೀ' ಎಂದಳು. ಗಂಡನ ಜೇಬನ್ನೊಮ್ಮೆ ನೋಡಿದಳು, ತಮ್ಮನ ಮುಖವನ್ನೊಮ್ಮೆ ನೋಡಿದಳು.

"ಅವನು ಬರಿ ಅಂತಾನೆ, ನೀವು ಬೇಡ ಅಂತೀರಿ. ಇಷ್ಟು ಹೊತ್ತು ಸಹಿ ಹಾಕು ಅಂತಿದ್ದವರು ನೀವಲ್ವಾ ರೀ?"

ಭಾವ ಜೇಬಿನ ಮೇಲೆ ಕೈಯಿಟ್ಟುಕೊಂಡು ಬಾಗಿಲ ಕಡೆ ನೋಡಿದರು, ತಮ್ಮ ಖಾಲಿ ಬಟ್ಟಲನ್ನು ಮತ್ತೆ ಕೆರೆಯತೊಡಗಿದ.